ಗುರಿ ಮೊದಲು, ಅಳತೆ ಆಮೇಲೆ: ನಮ್ಮ ರಾಯಚೂರು ಕದನದ ಆಟದಲ್ಲಿ ದಾಳಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಪ್ಲೈವುಡ್ ಹಲಗೆ. ಅದರ ಮೇಲೆ ಹಳೆಯ ಕರಿ ಕಂಬಳಿ, ನೀಲಿ ಬಳಿದ ರಟ್ಟಿನ ಕೃಷ್ಣಾ ನದಿ, ಒಂದು ಮೂಲೆಯಲ್ಲಿ ಥರ್ಮಾಕೋಲಿನ ಕೋಟೆ. ರಾಯಚೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಹೆಚ್ಚುಕಡಿಮೆ ಪ್ರತಿ ಭಾನುವಾರ, ವಿಜಯನಗರದ ಕೃಷ್ಣದೇವರಾಯನಿಗೂ ಬಿಜಾಪುರದ ಆದಿಲ್‌ ಶಾಹನಿಗೂ ನಡೆದ 1520ರ ಮೇ 19ರ ಕದನ ಗೊಂಬೆಗಳ ನಡುವೆ ಮತ್ತೆ ನಡೆಯುತ್ತದೆ. ಕೃಷ್ಣದೇವರಾಯ ಆಗಾಗ ಸೋಲುತ್ತಾನೆ. ಅದಕ್ಕೆ ಯಾರೂ ಮುಖ ಸಿಂಡರಿಸುವುದಿಲ್ಲ. ಮುಖ ಸಿಂಡರಿಸುವುದು, ದನಿ ಏರುವುದು, ಎರಡು ವಾರ ಮಾತು ಬಿಡುವುದು ಎಲ್ಲ ಶುರುವಾಗುವುದು "ಅಲ್ಲಿಂದ ನೀವು ಅವನನ್ನು ಹೊಡೆಯಲು ಬರುವುದಿಲ್ಲ" ಎಂಬ ಮಾತಿನಿಂದ.

ಈ ಆಟದ ನಿಯಮಗಳನ್ನು ಬರೆದವನು ನಾನೇ. ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ಪುಟ. ಪಡೆ ನಡೆಸುವುದು, ನದಿ ದಾಟುವುದು, ದಣಿವು ಇವುಗಳ ಬಗ್ಗೆ ಪ್ರಶ್ನೆ ಬರುವುದೇ ಅಪರೂಪ. ದಾಳಿಯ ಎರಡು ಪುಟಗಳ ಅಂಚು ಮಾತ್ರ ಬೆರಳು ತಾಗಿ ತಾಗಿ ಕಪ್ಪಾಗಿದೆ. ಅಲ್ಲಿ ನಾನು ಅರೆಬರೆ ಬರೆದದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಹೊಸಬರಿಗೆ ಮೊದಲು ಕೆಲವು ಅಂಕಿಗಳು. ಕಾಲಾಳಿನ ತುಕಡಿಯಲ್ಲಿ ಹತ್ತು ಗೊಂಬೆ, ರಾವುತರ ತುಕಡಿಯಲ್ಲಿ ಐದು. ಒಂದು ಆನೆಯೇ ಒಂದು ತುಕಡಿ. ಫಿರಂಗಿಗೆ ಮೂವರು ಗೋಲಂದಾಜರು. ಕಾಲಾಳಿಗೂ ಗೋಲಂದಾಜನಿಗೂ ಒಂದು ಜೀವ, ರಾವುತನಿಗೆ ಎರಡು, ಆನೆಗೆ ಎಂಟು. ಬಿಲ್ಲಿನ ವ್ಯಾಪ್ತಿ 16 ಇಂಚು, ತುಪಾಕಿಯದು 12, ಫಿರಂಗಿಯದು 36. ಬಾಣ ತಾಗಲು ದಾಳದಲ್ಲಿ 5 ಅಥವಾ 6 ಬೀಳಬೇಕು. ತುಪಾಕಿಗೆ 4 ಬಿದ್ದರೂ ಸಾಕು.

ದಾಳಿ ಮಾಡುವಾಗ ಯಾವುದರ ನಂತರ ಯಾವುದು?

ಗುರಿ ಹೇಳಬೇಕು. ಗುರಿ ಕಾಣುತ್ತದೆಯೇ ಎಂದು ಬಗ್ಗಿ ನೋಡಬೇಕು. ಅಳೆಯಬೇಕು. ದಾಳ ಉರುಳಿಸಬೇಕು. ತಾಗಿದಷ್ಟು ಪೆಟ್ಟಿಗೆ ಎದುರಾಳಿ ಕವಚದ ದಾಳ (ಕವಚ ಪೆಟ್ಟನ್ನು ತಡೆಯಿತೇ ಎಂದು ನೋಡುವ ದಾಳ) ಉರುಳಿಸಬೇಕು. ಸತ್ತವರನ್ನು ಎತ್ತಬೇಕು. ಒಂದು ಮುಗಿಯದೆ ಇನ್ನೊಂದಕ್ಕೆ ಕೈಹಾಕುವಂತಿಲ್ಲ.

ನಮ್ಮಲ್ಲಿ ನಡೆದ ಜಗಳಗಳ ಬೇರು ಬಹುಪಾಲು ಮೊದಲ ಹೆಜ್ಜೆಯಲ್ಲೇ ಇದೆ. ಆಟಗಾರ ಬಾಯಿ ಬಿಡುವುದಿಲ್ಲ. ಆನೆಗೂ ಕಾಲಾಳುಗಳಿಗೂ ನಡುವೆ ಎಲ್ಲೋ ಟೇಪು ಹಿಡಿಯುತ್ತಾನೆ, ಹತ್ತು ದಾಳ ಚೆಲ್ಲುತ್ತಾನೆ, ಒಳ್ಳೆಯ ಅಂಕ ಬಿದ್ದರೆ "ಆನೆಗೆ" ಎನ್ನುತ್ತಾನೆ, ಕೆಟ್ಟದ್ದು ಬಿದ್ದರೆ "ಕಾಲಾಳಿಗೆ" ಎನ್ನುತ್ತಾನೆ. ಮೋಸದ ಉದ್ದೇಶ ಇರಲಿಕ್ಕಿಲ್ಲ. ಮನಸ್ಸಿನಲ್ಲಿ ಎರಡೂ ಇದ್ದವು, ದಾಳ ಬಿದ್ದ ಮೇಲೆ ಒಂದು ಉಳಿಯಿತು, ಅಷ್ಟೆ. ಹಾಗಾಗಿ ಬಾಯಿ ಬಿಟ್ಟು, ಬೆರಳು ತೋರಿಸಿ ಹೇಳಬೇಕು: "ಈ ತುಪಾಕಿಯವರು ಆ ಹಸಿರು ಬಾವುಟದ ರಾವುತರಿಗೆ." ಹೊಡೆಯುವವರು ಯಾರು, ಯಾರಿಗೆ ಹೊಡೆಯುತ್ತಾರೆ, ಎರಡೂ ಎದುರಾಳಿಯ ಕಿವಿಗೆ ಬೀಳಬೇಕು. ಹೇಳಿದ ಮೇಲೆ ಬದಲಾಯಿಸುವಂತಿಲ್ಲ.

ಹುಲಿ-ಕುರಿ ಆಟದಲ್ಲಿ ಈ ತಾಪತ್ರಯವೇ ಇಲ್ಲ. ಹಂಪಿಯ ಕಲ್ಲುಹಾಸುಗಳ ಮೇಲೆ ಕೊರೆದ ಮನೆಗಳನ್ನು ನೋಡಿ: ಗೆರೆ ಇದ್ದರೆ ಹುಲಿ ಹಾರುತ್ತದೆ, ಆಚೆಯ ಮನೆ ಖಾಲಿ ಇದ್ದರೆ ಕುರಿ ಸಾಯುತ್ತದೆ. ನಮ್ಮ ಕಂಬಳಿಯ ಮೇಲೆ ಗೆರೆಗಳಿಲ್ಲ, ಆದ್ದರಿಂದ ಗೆರೆಯ ಕೆಲಸವನ್ನು ಬಾಯಿಮಾತು ಮಾಡಬೇಕು.

ಗುರಿ ಹೇಳುವ ಮೊದಲೇ ಅಳೆದು ನೋಡಬಹುದೇ?

ಇಲ್ಲ. ಈಗಿನ ಹೆಸರಾಂತ ಆಟಗಳಲ್ಲಿ ಯಾವಾಗ ಬೇಕಾದರೂ ಅಳೆಯಲು ಬಿಡುತ್ತಾರೆ, ಅದು ನನಗೆ ಗೊತ್ತು. ಆದರೆ ಕೃಷ್ಣೆಯ ದಂಡೆಯಲ್ಲಿ ನಿಂತ ಬಿಲ್ಲುಗಾರನ ಸೊಂಟದಲ್ಲಿ ಟೇಪು ಇರಲಿಲ್ಲ. ಕಣ್ಣಂದಾಜು ಈ ಆಟದ ಅರ್ಧ ಸೊಗಸು.

ಅಳೆದಾಗ ಗುರಿ ದೂರವಾಯಿತು. ಬೇರೆಯವರಿಗೆ ಹೊಡೆಯಬಹುದೇ?

ಬಾಣವೂ ಹೋಯಿತು, ಸರದಿಯೂ ಹೋಯಿತು. ತುಪಾಕಿಯಾದರೆ ಹೊಡೆದಂತೆಯೇ ಲೆಕ್ಕ. ಮುಂದಿನ ಸರದಿ ಪೂರ್ತಿ ಮದ್ದು ತುಂಬುವುದರಲ್ಲಿ ಕಳೆಯುತ್ತದೆ. ಮದ್ದು ಖಾಲಿಯಾದ ತುಕಡಿಯ ಮುಂದೆ ಹೊಗೆಯ ಗುರುತಾಗಿ ಒಂದು ಚೂರು ಹತ್ತಿ ಇಡುತ್ತೇವೆ. ರಾಯಚೂರಿನಲ್ಲಿ ಹತ್ತಿಗೆ ಬರವಿಲ್ಲ.

ಯಾವ ಟೇಪಿನಲ್ಲಿ, ಎಲ್ಲಿಂದ ಎಲ್ಲಿಗೆ ಅಳೆಯಬೇಕು?

ಬಡಗಿಯ ಉಕ್ಕಿನ ಟೇಪು ಮಾತ್ರ. ಇದಕ್ಕೊಂದು ಕಥೆಯಿದೆ. ಮೊದಲ ವರ್ಷ ನಾವು ಮನೆಯ ಹೊಲಿಗೆ ಯಂತ್ರದ ಖಾನೆಯಲ್ಲಿದ್ದ ದರ್ಜಿ ಟೇಪನ್ನು ಬಳಸುತ್ತಿದ್ದೆವು. ಹಳದಿ ಬಣ್ಣದ್ದು, ಒಂದು ತುದಿಯ ತಗಡು ಕಿತ್ತುಹೋಗಿತ್ತು. ವಿಜಯನಗರದ ಪಡೆ ನಡೆಸುವ ಮಾನ್ವಿಯ ಹುಡುಗ ಮೇಲಿಂದ ಮೇಲೆ ಅರ್ಧ ಇಂಚಿನಲ್ಲಿ ಗುರಿ ಹಿಡಿಯುತ್ತಿದ್ದ. ಒಂದು ದಿನ ಲಿಂಗಸೂಗೂರಿನ ಮೇಷ್ಟ್ರು ತಮ್ಮ ಜೇಬಿನಿಂದ ಮರದ ಅಡಿಕೋಲು ತೆಗೆದು ಟೇಪಿನ ಪಕ್ಕದಲ್ಲಿಟ್ಟರು. ಟೇಪಿನ 12 ಇಂಚು ಅಡಿಕೋಲನ್ನು ದಾಟಿ ಅರ್ಧ ಇಂಚು ಆಚೆ ಚಾಚಿಕೊಂಡಿತ್ತು. ವರ್ಷಗಟ್ಟಲೆ ಎಳೆದೆಳೆದು ಬಟ್ಟೆ ಹಿಗ್ಗಿತ್ತು. ಒಂದು ವರ್ಷದ ಕದನಗಳೆಲ್ಲ ಹನ್ನೆರಡೂವರೆ ಇಂಚಿನ ತುಪಾಕಿಯಲ್ಲಿ ನಡೆದಿದ್ದವು! ಹುಡುಗ ನಿರ್ದೋಷಿ, ಟೇಪು ಈಗ ಮತ್ತೆ ರವಿಕೆ ಅಳೆಯುತ್ತಿದೆ.

ಅಳತೆ ಪೀಠದ ಅಂಚಿನಿಂದ ಪೀಠದ ಅಂಚಿಗೆ. ಗೊಂಬೆಯ ಮೂಗಿನಿಂದಲ್ಲ, ಈಟಿಯ ತುದಿಯಿಂದಲ್ಲ. ನಮ್ಮ ಆನೆಗಳು ಕೊಪ್ಪಳ ಜಿಲ್ಲೆಯ ಕಿನ್ನಾಳದ ಮರದ ಗೊಂಬೆಗಳು, ಅವುಗಳಿಗೆ ಪೀಠವಿಲ್ಲ. ಆನೆಯ ವಿಷಯದಲ್ಲಿ ಹತ್ತಿರದ ಪಾದದಿಂದ ಅಳೆಯಿರಿ.

ತುಕಡಿಯ ಹತ್ತು ಜನರಲ್ಲಿ ಆರು ಜನರಿಗೆ ಮಾತ್ರ ಗುರಿ ಎಟುಕುತ್ತಿದ್ದರೆ?

ಆರು ದಾಳ. ಉಳಿದ ನಾಲ್ವರು ಬೇರೆ ಗುರಿ ನೋಡುವಂತಿಲ್ಲ. ಒಂದು ತುಕಡಿಗೆ ಒಂದು ಸರದಿಯಲ್ಲಿ ಒಂದೇ ಗುರಿ. ಹತ್ತಿಯ ಗುರುತು ಮಾತ್ರ ಇಡೀ ತುಕಡಿಗೆ ಬೀಳುತ್ತದೆ. ಅನ್ಯಾಯ ಅನ್ನಿಸಿದರೆ ಮೊದಲು ಎರಡು ಇಂಚು ಮುಂದೆ ನಡೆದು ಆಮೇಲೆ ಹೊಡೆಯಿರಿ.

ನನಗೆ ಇಷ್ಟ ಬಂದ ತುಕಡಿಯನ್ನು ಗುರಿ ಮಾಡಬಹುದೇ?

ಬಿಲ್ಲು, ತುಪಾಕಿಗಳು ಕಣ್ಣಿಗೆ ಕಾಣುವ ಶತ್ರುಗಳಲ್ಲಿ ಅತಿ ಹತ್ತಿರದವರಿಗೇ ಹೊಡೆಯಬೇಕು. ಹತ್ತು ಹೆಜ್ಜೆ ದೂರದಲ್ಲಿ ಕತ್ತಿ ಹಿರಿದು ಬರುತ್ತಿರುವವನನ್ನು ಬಿಟ್ಟು ಹಿಂದಿನ ಸಾಲಿನ ಬಿಲ್ಲುಗಾರನನ್ನು ಯಾವ ಸಿಪಾಯಿಯೂ ಆರಿಸುವುದಿಲ್ಲ. ಆರಿಸುವವರು ಮೇಜಿನ ಮೇಲಿಂದ ನೋಡುವ ನಾವು.

ಇದಕ್ಕೆ ಎರಡು ರಿಯಾಯಿತಿ ಇವೆ. ಆನೆ ವ್ಯಾಪ್ತಿಯೊಳಗಿದ್ದರೆ, ಹತ್ತಿರದವರನ್ನು ಬಿಟ್ಟು ಅದಕ್ಕೆ ಹೊಡೆಯಬಹುದು. ನಾಯಕನ ಗೊಂಬೆ ತುಕಡಿಯ ಮೂರು ಇಂಚಿನೊಳಗಿದ್ದರೆ ಒಂದು ದಾಳ ಉರುಳಿಸಿ; 4 ಅಥವಾ ಹೆಚ್ಚು ಬಿದ್ದರೆ ಸೈನಿಕರು ಅವನ ಮಾತು ಕೇಳಿ ನೀವು ಹೇಳಿದವರಿಗೆ ಹೊಡೆಯುತ್ತಾರೆ, ಇಲ್ಲದಿದ್ದರೆ ಹತ್ತಿರದವರಿಗೆ. ಹಿರಿಯರೊಬ್ಬರು ನಾಯಕನ ದಾಳ ಬೀಳದಿದ್ದಾಗ "ಹಾಗಾದರೆ ಹೊಡೆಯುವುದೇ ಬೇಡ" ಎಂದು ಸರದಿ ಉಳಿಸಿಕೊಳ್ಳಲು ನೋಡಿದರು. ಅದು ಆಗದು, ಕಾಕಾ. ಬತ್ತಿ ಆಗಲೇ ಹೊತ್ತಿದೆ.

ಫಿರಂಗಿಗೆ ಹತ್ತಿರದ ನಿಯಮ ಅನ್ವಯಿಸುವುದಿಲ್ಲ.

"ಕಾಣುತ್ತದೆ" ಎಂದರೆ ಏನು? ಆನೆಯ ಸೊಂಡಿಲು ಕಂಡರೆ ಆನೆ ಕಂಡಂತೆಯೇ?

ಈ ಪ್ರಶ್ನೆಗಾಗಿಯೇ ಇಷ್ಟೆಲ್ಲ ಬರೆಯಲು ಕುಳಿತೆ ಎಂದರೂ ತಪ್ಪಿಲ್ಲ.

ಕಿನ್ನಾಳದ ನಮ್ಮ ದೊಡ್ಡ ಆನೆ ಹಗುರ ಮರದ್ದು. ಹುಣಸೆ ಬೀಜದ ಅಂಟು ಸೇರಿಸಿದ ಲೇಪದ ಮೇಲೆ ಕೆಂಪು, ಹಳದಿ, ಹಸಿರು. ಸೊಂಡಿಲು ಮೇಲಕ್ಕೆತ್ತಿದೆ, ಯಾರಿಗೋ ಆಶೀರ್ವಾದ ಮಾಡುವ ಹಾಗೆ. ಒಂದು ಭಾನುವಾರ ಆ ಆನೆ ಕೋಟೆಯ ಗೋಡೆಯ ಹಿಂದೆ ಪೂರ್ತಿ ಅಡಗಿತ್ತು, ಸೊಂಡಿಲಿನ ತುದಿಯೊಂದು ಬಿಟ್ಟು. ಬೆರಳಿನಷ್ಟು ಕೆಂಪು ಮರ ಗೋಡೆಯ ಮೇಲೆ ಕಾಣುತ್ತಿತ್ತು. "ಕಾಣುತ್ತದೆ, ಹೊಡೆಯುತ್ತೇನೆ" ಎಂದ ಒಬ್ಬ. "ಸೊಂಡಿಲಿಗೆ ಹೊಡೆದರೆ ಆನೆ ಸಾಯುತ್ತದೆಯೇ?" ಎಂದ ಇನ್ನೊಬ್ಬ. ಮೂರನೆಯವನು ಆನೆ ಸೊಂಡಿಲು ಇಳಿಸಿಕೊಂಡಿದೆ ಎಂದು ಭಾವಿಸಬೇಕು ಎಂದ. ಚಹಾ ಆರಿಹೋಯಿತು.

ತೀರ್ಪು ಹೀಗಿದೆ. ಹೊಡೆಯುವ ಗೊಂಬೆಯ ತಲೆಯ ಮಟ್ಟಕ್ಕೆ ನಿಮ್ಮ ಕಣ್ಣು ತನ್ನಿ. ಅಲ್ಲಿಂದ ಗುರಿಯ ತಲೆ ಅಥವಾ ಮುಂಡದ ಯಾವುದಾದರೂ ಭಾಗ ಕಂಡರೆ ಗುರಿ ಕಂಡಂತೆ. ಈಟಿ, ಬಾವುಟ, ಛತ್ರಿ, ಕುದುರೆಯ ಬಾಲ, ಆನೆಯ ಸೊಂಡಿಲು, ದಂತ, ಬಾಲ ಇವು ಲೆಕ್ಕಕ್ಕಿಲ್ಲ. ಆನೆಯ ಮೇಲಿನ ಅಂಬಾರಿ ಲೆಕ್ಕಕ್ಕಿದೆ, ಏಕೆಂದರೆ ಅದರಲ್ಲಿ ಜನ ಕುಳಿತಿರುತ್ತಾರೆ.

ಇದರ ಇನ್ನೊಂದು ಮಗ್ಗುಲನ್ನು ಎಲ್ಲರೂ ಮರೆಯುತ್ತಾರೆ. ಗುರಿಯಾಗಲಾರದ್ದು ಮರೆಯೂ ಆಗಲಾರದು. ಸೊಂಡಿಲಿನ ಹಿಂದೆ, ಬಾವುಟದ ಹಿಂದೆ ನಿಂತವನು ಬಯಲಲ್ಲಿ ನಿಂತವನೇ. ದೊಡ್ಡ ಬಾವುಟ ಹೊಲಿಸಿಕೊಂಡು ಬಂದು ಅದರ ಹಿಂದೆ ದಳವಾಯಿಯನ್ನು ನಿಲ್ಲಿಸಿದ ಗೆಳೆಯರಿಗೆ ಈ ಮಾತು.

ಬಗ್ಗಿ ನೋಡಲು ನನ್ನ ಸೊಂಟ ಬಗ್ಗುವುದಿಲ್ಲ. ಮೊಬೈಲ್ ಬಳಸಬಹುದೇ?

ಬಳಸಿ. ಮೊಬೈಲನ್ನು ತಲೆಕೆಳಗಾಗಿ ಹಿಡಿಯಿರಿ. ಕ್ಯಾಮೆರಾ ಕೆಳಗೆ ಬಂದು ಗೊಂಬೆಯ ತಲೆಯ ಮಟ್ಟಕ್ಕೆ ಸರಿಯಾಗುತ್ತದೆ. ನೆಟ್ಟಗೆ ಹಿಡಿದರೆ ಕ್ಯಾಮೆರಾ ಆನೆಯ ಎತ್ತರದಲ್ಲಿರುತ್ತದೆ, ಕಾಲಾಳಿಗೆ ಕಾಣದ್ದೆಲ್ಲ ಕಾಣುತ್ತದೆ. ಅನುಮಾನ ಉಳಿದರೆ ಒಂದೆಳೆ ನೂಲನ್ನು ತಲೆಯಿಂದ ತಲೆಗೆ ಎಳೆದು ನೋಡಿ. ಕೆಂಪು ಬೆಳಕಿನ ಲೇಸರ್ ಪೆನ್ನು ಬೇಡ. ಮೇಜಿನ ಸುತ್ತ ಮಕ್ಕಳು ಇರುತ್ತಾರೆ, ಕಣ್ಣಿಗೆ ಬಿದ್ದರೆ ಕಷ್ಟ.

ನಮ್ಮವರ ತಲೆಯ ಮೇಲಿಂದ ಹೊಡೆಯಬಹುದೇ?

ಸಮ ನೆಲದಲ್ಲಿ ಇಲ್ಲ; ಬಾಣಕ್ಕೂ ಇದೇ ನಿಯಮ. ಮೂರು ಇಂಚು ಎತ್ತರದ ದಿಬ್ಬದಿಂದ, ಕೊತ್ತಳದಿಂದ, ಅಂಬಾರಿಯಿಂದ ಹೊಡೆಯಬಹುದು.

ಮರೆಯ ಲೆಕ್ಕ ಹೇಗೆ?

ಗುರಿಯ ತುಕಡಿಯಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಗೊಂಬೆಗಳು ಮರೆಯಲ್ಲಿದ್ದರೆ ಇಡೀ ತುಕಡಿಗೆ ಮರೆ ಸಿಗುತ್ತದೆ. ಪೊದೆ, ಬೇಲಿ, ಗಾಡಿ ಹಗುರ ಮರೆ: ಬಿದ್ದ ಅಂಕದಿಂದ ಒಂದು ಕಳೆಯಿರಿ. ಕಲ್ಲುಗೋಡೆ, ಬಂಡೆ, ಕೋಟೆಯ ತೆನೆ (ಗೋಡೆಯ ತುದಿಯಲ್ಲಿ ಹಲ್ಲಿನಂತೆ ಎದ್ದ ಕಲ್ಲುಗಳು) ಗಟ್ಟಿ ಮರೆ: ಎರಡು ಕಳೆಯಿರಿ. ಏನೇ ಕಳೆದರೂ 6 ಬಿದ್ದರೆ ತಾಗುತ್ತದೆ.

ಜೋಳದ ಹೊಲದಲ್ಲಿ ಮರೆ ಸಿಗುತ್ತದೆಯೇ ಎಂದು ಸಿಂಧನೂರಿನ ಗೆಳೆಯರೊಬ್ಬರು ಹಸಿರು ಬ್ರಷ್ಷಿನ ಕೂದಲು ಅಂಟಿಸಿದ ಚಂದದ ಹೊಲವೊಂದನ್ನೇ ಮಾಡಿಕೊಂಡು ಬಂದರು. ನನಗೆ ಬಹಳ ಇಷ್ಟವಾಯಿತು. ಆದರೆ ಕದನ ನಡೆದದ್ದು ಮೇ ತಿಂಗಳಲ್ಲಿ. ಹಿಂಗಾರಿ ಜೋಳ ಕಟಾವಾಗಿ, ಎರೆಹೊಲ ಬಾಯಿ ಬಿಟ್ಟು ಬಿರುಕಾಗಿರುವ ಕಾಲ. ನಮ್ಮ ಸೀಮೆಯಲ್ಲಿ ಆ ಬಿಸಿಲಿನಲ್ಲಿ ನಿಂತಿರುವ ಜೋಳವನ್ನು ಯಾರು ನೋಡಿದ್ದಾರೆ? ಆ ಹೊಲವನ್ನು ಬೇರೆ ಕದನಕ್ಕೆ ಎತ್ತಿಟ್ಟಿದ್ದೇವೆ. ಬಳ್ಳಾರಿ ಜಾಲಿಯ ಪೊದೆಗಳನ್ನೂ ಹೀಗೆಯೇ ತೆಗೆಯಬೇಕಾಯಿತು. ಈಗ ಎಲ್ಲೆಲ್ಲೂ ಅದೇ ಇರುವುದರಿಂದ ಅನಾದಿಯಿಂದ ಇಲ್ಲಿಯದೇ ಅನ್ನಿಸುತ್ತದೆ. ಅದು ಅಮೆರಿಕ ಖಂಡದ ಗಿಡ, ಇಲ್ಲಿಗೆ ಬಂದದ್ದು 19ನೆಯ ಶತಮಾನದಲ್ಲಿ. ಕೃಷ್ಣದೇವರಾಯನ ಸಿಪಾಯಿ ಅದರ ಹಿಂದೆ ಅಡಗಲಾರ. ಅದೇ ಪೊದೆಗಳನ್ನು ಇಲ್ಲಿಯದೇ ಆದ ಕರಿಜಾಲಿ ಎಂದು ಕರೆದರೆ ನನ್ನ ತಕರಾರಿಲ್ಲ.

ಹರಿಗೋಲಿನಲ್ಲಿ ನದಿ ದಾಟುತ್ತಿರುವವರನ್ನು ಹೊಡೆಯಬಹುದೇ? ಅವರು ತಿರುಗಿ ಹೊಡೆಯಬಹುದೇ?

ಹೊಡೆಯಬಹುದು, ಅವರಿಗೆ ಮರೆಯಿಲ್ಲ. ತಿರುಗಿ ಹೊಡೆಯುವಂತಿಲ್ಲ. ಹರಿಗೋಲು ಹತ್ತಿದವರಿಗೆ ಕಾರಣ ಹೇಳಬೇಕಾಗಿಲ್ಲ. ಗುರಿ ಹಿಡಿಯುವಷ್ಟರಲ್ಲಿ ಅದು ನಿಮ್ಮನ್ನು ಬಂದ ದಡದ ಕಡೆಗೇ ತಿರುಗಿಸಿರುತ್ತದೆ.

ಕೋಟೆಯ ಮೇಲಿನ ಫಿರಂಗಿ ಗೋಡೆಯ ಬುಡದಲ್ಲಿರುವವರಿಗೆ ಏಕೆ ಹೊಡೆಯಬಾರದು?

ಗೋಡೆಯಿಂದ ಆರು ಇಂಚಿನೊಳಗೆ ಬಂದವರು ಕೋಟೆಯ ಫಿರಂಗಿಗೆ ಗುರಿಯಾಗುವುದಿಲ್ಲ. ಇದು ನನ್ನ ಕಲ್ಪನೆಯಲ್ಲ. ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ವರ್ತಕ ನ್ಯೂನಿಜ್ ರಾಯಚೂರಿನ ಮುತ್ತಿಗೆಯನ್ನು ವಿವರಿಸುವಾಗ, ಗೋಡೆಯ ಬುಡ ಸೇರಿದವರಿಗೆ ಮೇಲಿನ ಫಿರಂಗಿಗಳಿಂದ ಹಾನಿಯಾಗುತ್ತಿರಲಿಲ್ಲ ಎಂದಿದ್ದಾನೆ. ಅಷ್ಟು ಎತ್ತರದಲ್ಲಿ ಕೂರಿಸಿದ ನಳಿಗೆಯನ್ನು ಬುಡಕ್ಕೆ ಬಗ್ಗಿಸಲು ಆಗುತ್ತಿರಲಿಲ್ಲ. ಬಿಲ್ಲುಗಾರರು ಮತ್ತು ಕಲ್ಲು ಉರುಳಿಸುವವರು ಮಾತ್ರ ಬುಡಕ್ಕೆ ಹೊಡೆಯಬಹುದು.

ಗೋಡೆಯನ್ನೇ ಗುರಿ ಮಾಡಬಹುದೇ?

ಮಾಡಬಹುದು. ಗೋಡೆಯ ಪ್ರತಿ ಭಾಗಕ್ಕೆ ಹನ್ನೆರಡು ಜೀವ. ಬಾಣ, ತುಪಾಕಿಗಳಿಂದ ಏನೂ ಆಗದು. ಫಿರಂಗಿಯ ಒಂದು ಗುಂಡು ಒಂದು ಜೀವ ತೆಗೆಯುತ್ತದೆ. ಹಾರೆ, ಗುದ್ದಲಿ ಹಿಡಿದು ಬುಡದಲ್ಲಿ ನಿಂತ ಕಾಲಾಳಿನ ತುಕಡಿ ಸರದಿಗೆ ಎರಡು ಜೀವ ತೆಗೆಯುತ್ತದೆ.

"ಫಿರಂಗಿಗಿಂತ ಗುದ್ದಲಿ ಬಲವೇ?" ಎಂದು ಹೊಸಬರು ನಗುತ್ತಾರೆ. ಒಮ್ಮೆ ಕೋಟೆಗೆ ಹೋಗಿ ಒಳಗೋಡೆಯ ಕಲ್ಲುಗಳ ಮೇಲೆ ಕೈಯಿಟ್ಟು ಬನ್ನಿ. 1294ರಲ್ಲಿ ಕಾಕತೀಯರ ಕಾಲದಲ್ಲಿ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ಗೋಡೆ ಅದು. ಒಂದೊಂದು ಕಲ್ಲೂ ಮಂಚದಷ್ಟಿದೆ. ಮುತ್ತಿಗೆಯಲ್ಲಿ ಕೃಷ್ಣದೇವರಾಯನ ದಂಡನಾಯಕರು ಗೋಡೆಯಿಂದ ಕಿತ್ತು ತಂದ ಕಲ್ಲಿಗೆ, ಅದರ ಗಾತ್ರ ನೋಡಿ, 10ರಿಂದ 50 ಪಣದವರೆಗೆ (ಪಣ ಆಗಿನ ನಾಣ್ಯ) ಕೊಟ್ಟರೆಂದು ಅದೇ ನ್ಯೂನಿಜ್ ಬರೆದಿದ್ದಾನೆ. ನಮ್ಮ ಆಟದಲ್ಲೂ ಗೋಡೆಯ ಒಂದು ಭಾಗ ಬೀಳಿಸಿದ ತುಕಡಿಗೆ ಐದು ಅಂಕ ಬಹುಮಾನ.

ನಾಯಕನನ್ನು ನೇರವಾಗಿ ಗುರಿ ಮಾಡಬಹುದೇ?

ಐದು ಅಥವಾ ಹೆಚ್ಚು ಗೊಂಬೆಗಳಿರುವ ತನ್ನ ತುಕಡಿಯಿಂದ ಮೂರು ಇಂಚಿನೊಳಗೆ ಇರುವವರೆಗೆ ಬಾಣಕ್ಕೂ ತುಪಾಕಿಗೂ ಅವನು ಸಿಗುವುದಿಲ್ಲ, ಗುಂಪಿನಲ್ಲಿ ಒಬ್ಬ. ಒಂಟಿಯಾಗಿ ಅಲೆದರೆ ಸಾಮಾನ್ಯ ಗುರಿ. ಅಂಬಾರಿ ಹತ್ತಿದರೆ ಎಲ್ಲರಿಗೂ ಕಾಣುತ್ತಾನೆ, ಎಲ್ಲರಿಗೂ ಗುರಿ. ಅದಕ್ಕೆ ಪ್ರತಿಯಾಗಿ ಅವನ ಆಜ್ಞೆ ಮೂರು ಇಂಚಿನ ಬದಲು ಹನ್ನೆರಡು ಇಂಚು ದೂರ ಕೇಳಿಸುತ್ತದೆ.

ಕೋಟೆಯ ಮೇಲಿನ ನಾಯಕನದು ಬೇರೆ ವಿಷಯ. ತೆನೆಯ ಹಿಂದೆ ಇದ್ದರೆ ಗಟ್ಟಿ ಮರೆ. ಆದರೆ ಕೆಳಗಿನವರಿಗೆ ಕಲ್ಲು ಹಾಕಿಸಲು, ಆಜ್ಞೆ ಕೊಡಲು ಅವನು ಹೊರಗಿಣುಕಿದ ಸರದಿಯಲ್ಲಿ ಮರೆಯೂ ಇಲ್ಲ, ಗುಂಪಿನ ರಕ್ಷಣೆಯೂ ಇಲ್ಲ. ಆದಿಲ್‌ಶಾಹಿ ಆಟಗಾರರು ಇದು ವಿಜಯನಗರದ ಪಕ್ಷಪಾತ ಎಂದು ದೂರುತ್ತಾರೆ. ಆದರೆ ಇತಿಹಾಸದಲ್ಲಿ ಆದದ್ದೇ ಅದು. ಕುದುರೆ ಮಾರಲು ಬಂದು ಮುತ್ತಿಗೆಗೆ ಸೇರಿದ ಕ್ರಿಸ್ಟೋವಾವ್ ದ ಫಿಗೆರೆಡೊ ಎಂಬ ಪೋರ್ಚುಗೀಸನ ಕಡೆಯವರು ಗೋಡೆಯ ಮೇಲೆ ತಲೆ ತೋರಿಸಿದವರನ್ನೆಲ್ಲ ಬಂದೂಕಿನಿಂದ ಹೊಡೆಯುತ್ತಿದ್ದರು. ಏನಾಗುತ್ತಿದೆ ಎಂದು ನೋಡಲು ಕೋಟೆಯ ಅಧಿಕಾರಿ ಹೊರಕ್ಕೆ ಬಾಗಿದ. ಹಣೆಗೆ ಗುಂಡು ತಾಗಿ ಸತ್ತ. ಮರುದಿನ ಕೋಟೆ ಶರಣಾಯಿತು. ಹಾಗಾಗಿ ನಮ್ಮ ಪೋರ್ಚುಗೀಸ್ ತುಕಡಿಗೆ ಗೋಡೆಯ ಮೇಲಿನವರ ಗಟ್ಟಿ ಮರೆ ಹಗುರ ಮರೆಯಷ್ಟೇ.

ಸತ್ತವರು ಯಾರು ಎಂದು ಆರಿಸುವವರು ಯಾರು? ನಾನು ಬಾವುಟದವನನ್ನೇ ಹೊಡೆದೆ!

ನೀವು ಹೊಡೆದದ್ದು ತುಕಡಿಯನ್ನು. ಯಾರನ್ನು ಎತ್ತಬೇಕೆಂದು ಗುರಿಯಾದ ತುಕಡಿಯ ಒಡೆಯರು ನಿರ್ಧರಿಸುತ್ತಾರೆ. ಒಂದೇ ಕಟ್ಟಳೆ: ನಿಮಗೆ ಕಂಡ, ನಿಮ್ಮ ವ್ಯಾಪ್ತಿಯಲ್ಲಿದ್ದ ಗೊಂಬೆಗಳನ್ನೇ ಎತ್ತಬೇಕು. ಗೋಡೆಯ ಹಿಂದೆ ಯಾರಿಗೂ ಕಾಣದೆ ನಿಂತ ನಾಲ್ವರನ್ನು ಎತ್ತಿ ಮುಂದಿನವರನ್ನು ಉಳಿಸಿಕೊಳ್ಳುವಂತಿಲ್ಲ. ಕಂಡವರು ಆರು, ಪೆಟ್ಟು ಎಂಟು ಎಂದಾದರೆ ಆರು ಜನ ಸಾಯುತ್ತಾರೆ, ಎರಡು ಪೆಟ್ಟು ಗಾಳಿಗೆ.

ಫಿರಂಗಿಗೆ ಗುರಿ ಹೇಗೆ ಹೇಳಬೇಕು? ಪುಟಿದ ಗುಂಡು ನಮ್ಮವರಿಗೆ ತಾಗಿದರೆ?

ಫಿರಂಗಿಯ ಗುರಿ ತುಕಡಿಯಲ್ಲ, ಒಂದು ಗೊಂಬೆ. ನಳಿಗೆಯ ಬಾಯಿಂದ ಆ ಗೊಂಬೆಗೆ ಟೇಪು ನೇರ ಎಳೆದು ಬಿಗಿಹಿಡಿಯಿರಿ, ಕೊನೆಯವರೆಗೆ ಕದಲಿಸಬೇಡಿ. ಒಂದು ದಾಳ ಉರುಳಿಸಿ. 4, 5, 6 ಬಿದ್ದರೆ ಗುಂಡು ಆ ಗೊಂಬೆಯ ಮೇಲೆಯೇ ಬಿತ್ತು. 1, 2, 3 ಬಿದ್ದರೆ ಅಷ್ಟೇ ಇಂಚು ಮೊದಲೇ ಬಿತ್ತು. ಬಿದ್ದಲ್ಲಿಂದ ಅದೇ ಗೆರೆಯಲ್ಲಿ, ಎರಡು ದಾಳದ ಮೊತ್ತದಷ್ಟು ಇಂಚು ಮುಂದಕ್ಕೆ ಪುಟಿಯುತ್ತದೆ. ಟೇಪಿನ ಅಡಿ ಬಂದ ಪ್ರತಿ ಗೊಂಬೆಗೂ ಪೆಟ್ಟು: ಕಾಲಾಳು ಸತ್ತ, ರಾವುತ ಸತ್ತ, ಆನೆಗೆ ಮೂರು ಜೀವ ಹೋಯಿತು. ಕವಚದ ದಾಳ ಇಲ್ಲ; ಕಬ್ಬಿಣದ ಗುಂಡಿಗೆ ಯಾವ ಕವಚ?

ಪುಟಿದ ಗುಂಡಿಗೆ ನಮ್ಮವರು, ಅವರವರು ಎಂಬ ಭೇದವಿಲ್ಲ. ನಾಯಕನಿಗೂ ಗುಂಪಿನ ರಕ್ಷಣೆ ಇಲ್ಲ. ಗೋಡೆ ಬಂದರೆ ನಿಲ್ಲುತ್ತದೆ, ನದಿಗೆ ಬಿದ್ದರೆ ಪುಟಿಯುವುದಿಲ್ಲ. 36 ಇಂಚಿನ ವ್ಯಾಪ್ತಿ ಹೆಸರಿಸಿದ ಗೊಂಬೆಯವರೆಗೆ ಮಾತ್ರ. ಪುಟಿತ ಅದರಾಚೆ ಹೋದರೆ ಹೋಗಲಿ.

ಆಟಿಕೆ ಫಿರಂಗಿಯಿಂದ ನಿಜವಾಗಿ ಏನಾದರೂ ಹಾರಿಸಿದರೆ ಈ ಲೆಕ್ಕವೇ ಬೇಡವಲ್ಲ ಎಂದು ಮಕ್ಕಳು ಕೇಳುತ್ತಾರೆ. ಇಂಗ್ಲೆಂಡಿನಲ್ಲಿ ಎಚ್. ಜಿ. ವೆಲ್ಸ್ 1913ರಲ್ಲಿ ಪ್ರಕಟಿಸಿದ ಆಟ ಹಾಗೆಯೇ ಇತ್ತು: ಸ್ಪ್ರಿಂಗ್ ಫಿರಂಗಿಯಿಂದ ಮರದ ಚೂರು ಹಾರಿಸುವುದು, ಬಿದ್ದ ಸಿಪಾಯಿ ಸತ್ತ. ಅವರ ಸಿಪಾಯಿಗಳು ಲೋಹದವು. ನಮ್ಮ ಬಣ್ಣದ ಮರದ ಗೊಂಬೆಗಳ ಮೇಲೆ ಅದನ್ನು ಮಾಡಲು ನನಗೆ ಮನಸ್ಸು ಬರುವುದಿಲ್ಲ.

ಎಲ್ಲ ಫಿರಂಗಿಗಳನ್ನೂ ಒಂದೇ ಸರದಿಯಲ್ಲಿ ಹಾರಿಸಬಹುದೇ?

ಹಾರಿಸಬಹುದು. ಇಸ್ಮಾಯಿಲ್ ಆದಿಲ್‌ ಶಾಹ ಅದನ್ನೇ ಮಾಡಿದ. ಮುನ್ನುಗ್ಗಿ ಬಂದ ವಿಜಯನಗರದ ಮುಂಚೂಣಿಯ ಮೇಲೆ ಫಿರಂಗಿಗಳೆಲ್ಲ ಒಮ್ಮೆಲೇ ಸಿಡಿದು, ಆ ಸಾಲು ಮುರಿದು ಹಿಂದಕ್ಕೆ ಓಡಿತು. ಆಮೇಲೆ ಕೃಷ್ಣದೇವರಾಯ ತಾನೇ ಕುದುರೆಯೇರಿ ಎರಡನೆಯ ಸಾಲನ್ನು ಮುಂದಕ್ಕೆ ತಂದ. ಆದಿಲ್‌ಶಾಹಿ ಪಡೆಯ ಬೆನ್ನಿಗೆ ಕೃಷ್ಣಾ ನದಿಯಿತ್ತು. ನಮ್ಮ ಆಟದಲ್ಲಿ ಹಾರಿದ ಫಿರಂಗಿಗೆ ಮತ್ತೆ ಮದ್ದು ತುಂಬಲು ಎರಡು ಪೂರ್ತಿ ಸರದಿ ಬೇಕು. ಎಲ್ಲವನ್ನೂ ಒಮ್ಮೆಲೇ ಹಾರಿಸಿದವರು ಆ ಎರಡು ಸರದಿಯಲ್ಲಿ ಚಹಾ ಕುಡಿಯುವುದನ್ನು ನಾನು ನೋಡಿಲ್ಲ, ಉಗುರು ಕಚ್ಚುವುದನ್ನು ನೋಡಿದ್ದೇನೆ.

ಕೈಕೈ ಕಾಳಗದಲ್ಲಿರುವವರ ಕಡೆಗೆ ಬಾಣ ಬಿಡಬಹುದೇ?

ಬೇಡ. ಯಾರ ಮೈ ಯಾರದೋ ತಿಳಿಯದು. ಫಿರಂಗಿಯನ್ನೂ ಅವರತ್ತ ಗುರಿ ಮಾಡುವಂತಿಲ್ಲ. ಬೇರೆಡೆ ಗುರಿಯಿಟ್ಟ ಗುಂಡು ಪುಟಿದು ಅವರ ನಡುವೆ ಹೋದರೆ ಮಾತ್ರ ಎರಡೂ ಕಡೆ ಸಾಯುತ್ತಾರೆ. ಇದನ್ನು ಬೇಕೆಂದೇ ಉಪಯೋಗಿಸಿಕೊಳ್ಳುವ ಒಬ್ಬರು ನಮ್ಮಲ್ಲಿದ್ದಾರೆ. ನಿಯಮ ಅವರನ್ನು ತಡೆಯುವುದಿಲ್ಲ, ನಾವು ಗುರಾಯಿಸುತ್ತೇವೆ.

ರಾವುತರು ನುಗ್ಗುವಾಗಲೂ ಗುರಿ ಮೊದಲೇ ಹೇಳಬೇಕೇ?

ಹೌದು. ಕುದುರೆ ಕದಲುವ ಮೊದಲು ಹೇಳಬೇಕು, ಹೇಳುವಾಗ ಗುರಿ ಕಾಣುತ್ತಿರಬೇಕು. ನುಗ್ಗಲು ರಾವುತರಿಗೆ 12 ಇಂಚು, ಕಾಲಾಳಿಗೆ 6. ಎಟುಕದಿದ್ದರೆ ಅಷ್ಟು ದೂರ ಓಡಿ ಬಯಲಲ್ಲಿ ನಿಲ್ಲುತ್ತಾರೆ. ಗುರಿಯಾದವರ ತುಪಾಕಿಯಲ್ಲಿ ಮದ್ದಿದ್ದು, ನುಗ್ಗುವವರು ನಾಲ್ಕು ಇಂಚಿಗಿಂತ ದೂರದಿಂದ ಹೊರಟಿದ್ದರೆ, ಅವರಿಗೆ ಒಂದು ಸಲ ಹೊಡೆಯುವ ಅವಕಾಶ. ಆ ಹೊಡೆತ ರಾವುತರು ಬಂದು ತಾಗುವ ಮೊದಲೇ ಆಗಬೇಕು. ಸತ್ತವರು ಕತ್ತಿ ಬೀಸುವುದಿಲ್ಲ.

ಕೈಕೈ ಕಾಳಗದಲ್ಲಿ ಪೀಠಕ್ಕೆ ಪೀಠ ತಾಗಿದವರು ಹೊಡೆಯುತ್ತಾರೆ, ಈಟಿಯಿದ್ದರೆ ಅವರ ಬೆನ್ನಿಗಿರುವ ಎರಡನೆಯ ಸಾಲೂ ಹೊಡೆಯುತ್ತದೆ. ಎರಡು ಶತ್ರು ತುಕಡಿಗಳಿಗೆ ತಾಗಿಕೊಂಡಿದ್ದರೆ ಎಷ್ಟು ದಾಳ ಯಾರಿಗೆ ಎಂದು ಉರುಳಿಸುವ ಮೊದಲೇ ಬೇರೆ ಬೇರೆ ಗುಡ್ಡೆ ಮಾಡಿ ಇಡಿ. ಇಲ್ಲೂ ಅದೇ ರೋಗ, ಅದೇ ಮದ್ದು.

ಬೆದರಿದ ಆನೆ ನಮ್ಮವರನ್ನೇ ತುಳಿದರೆ ಅದು ದಾಳಿಯೇ?

ಅಲ್ಲ. ನಾಲ್ಕು ಜೀವ ಕಳೆದುಕೊಂಡ ಆನೆ ಯಾರ ಪಕ್ಷದ್ದೂ ಅಲ್ಲ. ಬಾಟಲಿಯ ಮುಚ್ಚಳವನ್ನು ತಿರುಗಿಸಿ, ಅದರ ಬಾಣದ ಗುರುತು ತೋರಿದ ದಿಕ್ಕಿಗೆ ಎರಡು ದಾಳದಷ್ಟು ಇಂಚು ನಡೆಸಿ. ದಾರಿಯಲ್ಲಿ ತಾಗಿದ ಪ್ರತಿ ತುಕಡಿಗೆ ಮೂರು ಪೆಟ್ಟು, ಕವಚದ ದಾಳ ಉಂಟು. ಗುರಿ ಹೇಳುವ ಮಾತೇ ಇಲ್ಲ.

ಕರೆಂಟ್ ಹೋದಾಗ ಉರುಳಿದ ದಾಳ?

ಬೆಳಕು ಹೋದ ಮೇಲೆ ಕೈಬಿಟ್ಟ ದಾಳ ರದ್ದು. ಕೈಬಿಟ್ಟ ಮೇಲೆ ಬೆಳಕು ಹೋದರೆ, ಟಾರ್ಚು ಬರುವವರೆಗೆ ಎಲ್ಲರೂ ಕೈ ಮೇಲೆತ್ತಿ ನಿಲ್ಲಬೇಕು. ಓರೆಯಾಗಿ ನಿಂತ ದಾಳದ ಮೇಲೆ ಇನ್ನೊಂದು ದಾಳ ಇಟ್ಟು ನೋಡಿ. ನಿಂತರೆ ಆ ಅಂಕ ಸರಿ, ಜಾರಿದರೆ ಮತ್ತೆ ಉರುಳಿಸಿ.

ತಪ್ಪು ಗುರಿಗೆ ಹೊಡೆದದ್ದು ಆಮೇಲೆ ತಿಳಿಯಿತು. ಹಿಂದಕ್ಕೆ ಹೋಗಬಹುದೇ?

ಮುಂದಿನ ತುಕಡಿ ಗುರಿ ಹೇಳುವವರೆಗೆ ಹೋಗಬಹುದು. ಆಮೇಲೆ ಇಲ್ಲ.

ಒಪ್ಪಂದವೇ ಆಗದಿದ್ದರೆ ಕೊನೆಯ ಮಾತು ಯಾರದು?

ಆ ದಿನ ಆಡದೆ ನೋಡುತ್ತಿರುವವರದು. 1824ರ ಸುಮಾರಿಗೆ ಪ್ರಷ್ಯಾದ ಸೈನ್ಯದಲ್ಲಿ ಅಧಿಕಾರಿಗಳು ನಕ್ಷೆಯ ಮೇಲೆ ಆಡುತ್ತಿದ್ದ ಯುದ್ಧದಾಟದಲ್ಲೂ ತೀರ್ಪುಗಾರ ಬೇರೆಯೇ ಇದ್ದ, ಆಟಗಾರರು ತಮ್ಮ ಆಜ್ಞೆಗಳನ್ನು ಅವನಿಗೆ ಕೊಡುತ್ತಿದ್ದರು. ನಮ್ಮಲ್ಲಿ ಸಾಮಾನ್ಯವಾಗಿ ಆ ಸ್ಥಾನ ನನ್ನ ತಾಯಿಯದು. ಅವರಿಗೆ ನಿಯಮ ಒಂದೂ ಗೊತ್ತಿಲ್ಲ. ಇಬ್ಬರನ್ನೂ ಕೇಳುತ್ತಾರೆ, "ನೀನು ಮೊದಲು ಏನೆಂದು ಹೇಳಿದ್ದೆ?" ಎನ್ನುತ್ತಾರೆ. ಸ್ಪಷ್ಟವಾಗಿ ಉತ್ತರಿಸಿದವರು ಗೆದ್ದರು.

ಗೊಂಬೆ ಮೇಜಿನಿಂದ ಕೆಳಗೆ ಬಿದ್ದರೆ ಸತ್ತಂತೆಯೇ?

ಇಲ್ಲ, ಎತ್ತಿ ಇದ್ದಲ್ಲೇ ಇಡಿ. ಮಿರ್ಚಿ ತಿಂದ ಕೈಯನ್ನು ಮಾತ್ರ ಮೊದಲು ಒರೆಸಿಕೊಳ್ಳಿ. ಕಳೆದ ದೀಪಾವಳಿಯಲ್ಲಿ ಬಿದ್ದ ಆನೆಯ ಎಡ ದಂತ ಮುರಿದಿದೆ. ಫೆವಿಕಾಲ್ ಹಾಕಿ ಅಂಟಿಸಿದ್ದೇನೆ, ಸ್ವಲ್ಪ ಓರೆಯಾಗಿದೆ. ದಂತ ಲೆಕ್ಕಕ್ಕಿಲ್ಲದ ಕಾರಣ ಅದರ ಗುರಿಯ ನಿಯಮದಲ್ಲಿ ಬದಲಾವಣೆ ಇಲ್ಲ.